ಬಣ್ಣ ಮತ್ತು ಗಾತ್ರಕ್ಕಾಗಿ ಕೋಳಿ ತಳಿ ಅಭಿವೃದ್ಧಿ

ಬಣ್ಣ ಮತ್ತು ಗಾತ್ರಕ್ಕಾಗಿ ಕೋಳಿ ತಳಿ ಅಭಿವೃದ್ಧಿ ಎಂದರೆ ಅಪೇಕ್ಷಿತ ಗರಿಬಣ್ಣ, ಮೈಕಟ್ಟು ಮತ್ತು ತೂಕವುಳ್ಳ ಹುಂಜ ಹೇಂಟೆಗಳನ್ನು ಆರಿಸಿ, ಪೀಳಿಗೆಯಿಂದ ಪೀಳಿಗೆಗೆ ಯೋಜನಾಬದ್ಧವಾಗಿ ಕೂಡಿಸಿ, ಆ ಗುಣಗಳು ಮರಿಗಳಲ್ಲಿ ಸ್ಥಿರವಾಗಿ ಕಾಣಿಸುವಂತೆ ಮಾಡುವ ಕ್ರಮ. ಪ್ರದರ್ಶನದ ಕೋಳಿಗಳನ್ನು ಸಾಕುವ ಹವ್ಯಾಸಿಗಳೂ ಮಾಂಸ ಹಾಗೂ ಮೊಟ್ಟೆಯ ತಳಿಗಳನ್ನು ರೂಪಿಸುವ ವಿಜ್ಞಾನಿಗಳೂ ಈ ಕ್ರಮವನ್ನೇ ಅನುಸರಿಸುತ್ತಾರೆ. ಕೋಳಿಯ ಬಣ್ಣವನ್ನು ಬಹುಮಟ್ಟಿಗೆ ಕೆಲವೇ ವಂಶವಾಹಿಗಳು ನಿರ್ಧರಿಸುತ್ತವೆ. ಗಾತ್ರವಾದರೋ ಅನೇಕ ವಂಶವಾಹಿಗಳು ಮತ್ತು ಪಾಲನೆಯ ಕ್ರಮ ಸೇರಿ ಆಗುವಂಥದು. ಆದುದರಿಂದ ಬಣ್ಣವನ್ನು ಕೆಲವೇ ಪೀಳಿಗೆಗಳಲ್ಲಿ ಬದಲಿಸಬಹುದು. ಗಾತ್ರವನ್ನು ಮೆಲ್ಲಮೆಲ್ಲನೆ ಮಾತ್ರ ಬದಲಿಸಲು ಸಾಧ್ಯ. ಇವೆರಡೂ ಬಹುಪಾಲು ಪರಸ್ಪರ ಸ್ವತಂತ್ರವಾದ ಕಾರಣ, ಬಣ್ಣವನ್ನು ನೋಡಿ ಕೋಳಿಯ ಇತರ ಗುಣಗಳನ್ನು ಊಹಿಸುವುದು ಸರಿಯಾಗಲಾರದು. ಬಣ್ಣದ ಕೋಳಿಯೆಲ್ಲವೂ ನಾಟಿ ಕೋಳಿ ಎಂದು ಭಾವಿಸುವ ಕರ್ನಾಟಕದ ಮಾರುಕಟ್ಟೆಯಲ್ಲಿ ಈ ಅಂಶಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

ಸಾಕು ಕೋಳಿಯ ಮೂಲ ಪೂರ್ವಜ ಕೆಂಪು ಕಾಡುಕೋಳಿ. ಇದರ ನೆಲೆ ಉತ್ತರ ಮತ್ತು ಪೂರ್ವ ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಹಬ್ಬಿದೆ. ಕರ್ನಾಟಕದ ಮಲೆನಾಡಿನಲ್ಲಿ ಕಾಣುವುದು ಇದರ ಹತ್ತಿರದ ಸಂಬಂಧಿಯಾದ ಬೂದು ಕಾಡುಕೋಳಿ. ಅನೇಕ ಸಾಕು ಕೋಳಿಗಳ ಕಾಲು ಮತ್ತು ಚರ್ಮದಲ್ಲಿ ಕಾಣುವ ಹಳದಿ ಬಣ್ಣದ ವಂಶವಾಹಿ ಕೆಂಪು ಕಾಡುಕೋಳಿಯಿಂದ ಬಂದುದಲ್ಲ, ಬೂದು ಕಾಡುಕೋಳಿಯಿಂದ ಬಂದಿರಬೇಕು ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಹೀಗೆ ಪಶ್ಚಿಮ ಘಟ್ಟಗಳ ಹಕ್ಕಿಯೊಂದರ ಬಣ್ಣ ಲೋಕದ ಹಲವು ಸಾಕು ತಳಿಗಳಲ್ಲಿ ಉಳಿದುಬಂದಿದೆ.

ಯುರೋಪಿನಲ್ಲಿ ಕೋಳಿಗಳನ್ನು ಅಂದಕ್ಕಾಗಿ ಬೆಳೆಸುವ ಹವ್ಯಾಸ 19ನೆಯ ಶತಮಾನದ ನಡುಭಾಗದಲ್ಲಿ ಪ್ರಬಲವಾಯಿತು. ಇಂಗ್ಲೆಂಡಿನಲ್ಲಿ 1835ರ ಕಾನೂನು ಕೋಳಿ ಅಂಕವನ್ನು ನಿಷೇಧಿಸಿದ ಮೇಲೆ, ಕಾಳಗದ ಹುಂಜಗಳನ್ನು ಸಾಕುತ್ತಿದ್ದ ಹಲವರು ಪ್ರದರ್ಶನಗಳತ್ತ ತಿರುಗಿದರು. ಪೂರ್ವ ಏಷ್ಯಾದಿಂದ ಬಂದ ಕೊಚಿನ್ ತಳಿಯ ಬೃಹತ್ ಕೋಳಿಗಳು ಆ ಕಾಲದ ಜನರನ್ನು ಬೆರಗುಗೊಳಿಸಿದವು. ಪ್ರದರ್ಶನಗಳಲ್ಲಿ ತೀರ್ಪು ನೀಡಲು ಒಪ್ಪಿತ ಮಾನದಂಡ ಬೇಕಾಯಿತು. ಬ್ರಿಟನ್ನಿನಲ್ಲಿ 1865ರಲ್ಲಿಯೂ ಅಮೆರಿಕದಲ್ಲಿ 1874ರಲ್ಲಿಯೂ ಇಂಥ ಮಾನದಂಡಗಳ ಗ್ರಂಥಗಳು ಹೊರಬಂದವು. ಜುಟ್ಟಿನ ಆಕಾರ, ಗರಿಯ ಅಂಚು, ಕಾಲಿನ ಬಣ್ಣ, ತೂಕ ಮೊದಲಾದ ಪ್ರತಿಯೊಂದು ಲಕ್ಷಣವನ್ನೂ ಇವು ನಿಗದಿಪಡಿಸಿದವು. ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಪ್ರಕಟಿಸಿದ, ಸಾಕು ಪ್ರಾಣಿ ಮತ್ತು ಸಸ್ಯಗಳ ಮಾರ್ಪಾಡುಗಳನ್ನು ಕುರಿತ ಕೃತಿಯಲ್ಲಿ ಕೋಳಿ ತಳಿಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಮೆಂಡೆಲನ ಆನುವಂಶಿಕ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂಬುದನ್ನು 1902ರಲ್ಲಿ ವಿಲಿಯಂ ಬೇಟ್ಸನ್ ತೋರಿಸಿದ್ದು ಕೋಳಿಗಳ ಮೇಲಿನ ಪ್ರಯೋಗಗಳಿಂದಲೇ.

ಕರ್ನಾಟಕದಲ್ಲಿ ಕೋಳಿಯ ಬಣ್ಣ ಮತ್ತು ಮೈಕಟ್ಟು

ಕೋಳಿಗಳನ್ನು ಬಣ್ಣದಿಂದ ವಿಂಗಡಿಸುವ ಜ್ಞಾನ ಕರ್ನಾಟಕಕ್ಕೆ ಹೊಸತಲ್ಲ. ತುಳುನಾಡಿನ ಕೋರಿ ಕಟ್ಟದಲ್ಲಿ ಹುಂಜಗಳನ್ನು ಬೊಳ್ಳೆ, ಮೈರೆ, ಕೆಮ್ಮೈರೆ, ಕುಪ್ಪುಳೆ, ಉರಿಯೆ ಮೊದಲಾದ ಹೆಸರುಗಳಿಂದ ಗುರುತಿಸುತ್ತಾರೆ. ಇವು ಒಂದೊಂದು ಕೋಳಿಗೆ ಇಟ್ಟ ಹೆಸರುಗಳಲ್ಲ, ಗರಿಬಣ್ಣದ ವರ್ಗಗಳು. ಬೊಳ್ಳೆ ಎಂದರೆ ಬಿಳಿಯ ಹುಂಜ. ಯಾವ ದಿನ, ಯಾವ ಹೊತ್ತಿನಲ್ಲಿ ಯಾವ ಬಣ್ಣದ ಹುಂಜಕ್ಕೆ ಗೆಲುವು ಎಂಬುದನ್ನು ಹೇಳುವ ಕುಕ್ಕುಟ ಪಂಚಾಂಗವೂ ಅಲ್ಲಿ ಬಳಕೆಯಲ್ಲಿದೆ. ಈ ನಂಬಿಕೆಗೆ ಆನುವಂಶಿಕ ಶಾಸ್ತ್ರದ ಆಧಾರವಿಲ್ಲವಾದರೂ, ಬಣ್ಣಗಳನ್ನು ಸೂಕ್ಷ್ಮವಾಗಿ ಬೇರ್ಪಡಿಸಿ ನೋಡುವ ಜನಪದ ದೃಷ್ಟಿಗೆ ಈ ಪದಸಂಪತ್ತು ಸಾಕ್ಷಿಯಾಗಿದೆ. ಪ್ರಾಣಿಗಳನ್ನು ಕಾಳಗಕ್ಕೆ ಪ್ರಚೋದಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಗಾತ್ರ ಮತ್ತು ಮೈಕಟ್ಟಿಗೆ ಹೆಸರಾದ ಭಾರತೀಯ ತಳಿ ಅಸೀಲ್. ನೀಳವಾದ ಕತ್ತು, ಅಗಲವಾದ ಎದೆ, ಮೈಗೆ ಅಂಟಿದಂತಿರುವ ಗಡಸು ಗರಿ, ಗಟ್ಟಿಯಾದ ಕಾಲುಗಳು ಇದರ ಲಕ್ಷಣ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಅಸೀಲನ್ನು ಇತರ ಕೋಳಿಗಳೊಡನೆ ಬೆರೆಸಿ ರೂಪಿಸಿದ ತಳಿಗೆ ಅಲ್ಲಿಯವರು ಇಂಡಿಯನ್ ಗೇಮ್ ಎಂದು ಹೆಸರಿಟ್ಟರು. ಅದೇ ಅಮೆರಿಕದಲ್ಲಿ ಕಾರ್ನಿಷ್ ಎನಿಸಿತು. ಇಂದಿನ ಬ್ರಾಯ್ಲರ್ ಕೋಳಿಯ ತಂದೆಯ ಕಡೆಯ ವಂಶದಲ್ಲಿ ಕಾರ್ನಿಷ್, ತಾಯಿಯ ಕಡೆಯಲ್ಲಿ ಬಿಳಿ ಪ್ಲಿಮತ್ ರಾಕ್ ಮುಖ್ಯವಾಗಿವೆ. ಹೀಗೆ ಭಾರತದ ಕಾಳಗದ ಹುಂಜದ ಎದೆಯ ಮಾಂಸ ಬ್ರಾಯ್ಲರ್ ರೂಪದಲ್ಲಿ ಭಾರತಕ್ಕೇ ಮರಳಿದೆ. ತಮಿಳುನಾಡಿನಲ್ಲಿ ಗಿಳಿಯಂತೆ ಬಾಗಿದ ಕೊಕ್ಕು ಮತ್ತು ಉದ್ದನೆಯ ಬಾಲಕ್ಕಾಗಿಯೇ ಆಯ್ದು ಬೆಳೆಸಿದ ಅಸೀಲ್ ಬಗೆಯೊಂದಿದ್ದು, ಅದು ಕಾಳಗಕ್ಕಲ್ಲದೆ ಪ್ರದರ್ಶನಕ್ಕೆಂದೇ ಸಾಕುವ ಕೋಳಿಯಾಗಿದೆ. ಆಂಧ್ರಪ್ರದೇಶ ಮತ್ತು ಕರ್ನಾಟಕದ ಗಡಿಭಾಗಗಳ ಘಾಗಸ್ ಕೋಳಿಯು ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಮಂಡಳಿಯಲ್ಲಿ ದಾಖಲಾಗಿರುವ ದೇಶಿ ತಳಿಗಳಲ್ಲೊಂದು.

ಬಣ್ಣದ ಆನುವಂಶಿಕತೆ

ಕೋಳಿಯ ಗರಿಯಲ್ಲಿ ಎರಡು ವರ್ಣದ್ರವ್ಯಗಳಿವೆ. ಒಂದು ಕಪ್ಪು ಬಣ್ಣ ಕೊಡುವ ಯೂಮೆಲನಿನ್, ಇನ್ನೊಂದು ಕೆಂಪು ಮತ್ತು ಹೊಂಬಣ್ಣ ಕೊಡುವ ಫಿಯೋಮೆಲನಿನ್. ಇವೆರಡರಲ್ಲಿ ಯಾವುದು, ಎಲ್ಲಿ, ಎಷ್ಟು ಎಂಬುದನ್ನು ವಂಶವಾಹಿಗಳು ನಿರ್ಧರಿಸುತ್ತವೆ. ಪ್ರತಿ ಮರಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ದೊರೆಯುತ್ತದೆ. ಒಂದೇ ಪ್ರತಿ ಇದ್ದಾಗಲೂ ಪರಿಣಾಮ ತೋರುವುದು ಪ್ರಬಲ ಗುಣ. ಎರಡೂ ಪ್ರತಿಗಳಿದ್ದಾಗ ಮಾತ್ರ ತೋರುವುದು ದುರ್ಬಲ ಗುಣ.

ಬಿಳಿಯ ಬಣ್ಣದಲ್ಲಿ ಎರಡು ಮುಖ್ಯ ಬಗೆಗಳಿವೆ. ಬಿಳಿ ಲೆಗ್‌ಹಾರ್ನ್‌ನ ಬಿಳುಪು ಪ್ರಬಲ ಗುಣ. ಅದನ್ನು ಕಪ್ಪು ಕೋಳಿಯೊಡನೆ ಕೂಡಿಸಿದರೆ ಮರಿಗಳು ಬಹುಮಟ್ಟಿಗೆ ಬೆಳ್ಳಗಿರುತ್ತವೆ. ಬಿಳಿ ಪ್ಲಿಮತ್ ರಾಕ್‌ನ ಬಿಳುಪು ದುರ್ಬಲ ಗುಣ. ಅದನ್ನು ಬಣ್ಣದ ಹುಂಜದೊಡನೆ ಕೂಡಿಸಿದರೆ ಮೊದಲ ಪೀಳಿಗೆಯ ಮರಿಗಳೆಲ್ಲವೂ ಬಣ್ಣದವಾಗಿರುತ್ತವೆ. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಸುಮಾರು ನಾಲ್ಕರಲ್ಲಿ ಒಂದು ಮರಿ ಮತ್ತೆ ಬಿಳಿಯಾಗಿ ಹುಟ್ಟುತ್ತದೆ. ಬಣ್ಣದ ಹುಂಜವೊಂದು ಒಳಗೊಳಗೇ ಈ ಬಿಳುಪನ್ನು ಹೊತ್ತಿದೆಯೇ ಎಂದು ತಿಳಿಯಲು ಅದನ್ನು ದುರ್ಬಲ ಬಿಳುಪಿನ ಹೇಂಟೆಗಳೊಡನೆ ಕೂಡಿಸಿ ಪರೀಕ್ಷಿಸುತ್ತಾರೆ. ಒಂದೇ ಒಂದು ಬಿಳಿ ಮರಿ ಹುಟ್ಟಿದರೂ ಹುಂಜ ಅದರ ವಾಹಕವೆಂದು ಖಚಿತವಾಗುತ್ತದೆ. ವಾಹಕ ಹುಂಜದಿಂದ ಏಳು ಮರಿಗಳು ಹುಟ್ಟಿ ಏಳೂ ಬಣ್ಣದವಾಗುವ ಸಾಧ್ಯತೆ 128ರಲ್ಲಿ ಒಂದು ಮಾತ್ರ.

ಕೆಲವು ಬಣ್ಣಗಳು ಎಷ್ಟು ಪೀಳಿಗೆ ಕಳೆದರೂ ಸ್ಥಿರವಾಗುವುದಿಲ್ಲ. ಆಂಡಲೂಷಿಯನ್ ತಳಿಯ ಬೂದುನೀಲಿ ಬಣ್ಣ ಇದಕ್ಕೆ ಪ್ರಸಿದ್ಧ ಉದಾಹರಣೆ. ನೀಲಿ ಹುಂಜವನ್ನು ನೀಲಿ ಹೇಂಟೆಯೊಡನೆ ಕೂಡಿಸಿದರೆ ಸರಾಸರಿ ಅರ್ಧದಷ್ಟು ಮರಿಗಳು ನೀಲಿಯಾಗಿಯೂ ಕಾಲುಭಾಗ ಕಪ್ಪಾಗಿಯೂ ಉಳಿದ ಕಾಲುಭಾಗ ಕಲೆಗಳುಳ್ಳ ಬಿಳಿಯಾಗಿಯೂ ಇರುತ್ತವೆ. ಕಪ್ಪು ಕೋಳಿಯನ್ನು ಕಲೆಯುಳ್ಳ ಬಿಳಿ ಕೋಳಿಯೊಡನೆ ಕೂಡಿಸಿದಾಗ ಮಾತ್ರ ಎಲ್ಲ ಮರಿಗಳೂ ನೀಲಿಯಾಗುತ್ತವೆ.

ಇನ್ನು ಕೆಲವು ಬಣ್ಣಗಳು ಲಿಂಗ ವರ್ಣತಂತುವಿನ ಮೇಲಿವೆ. ಕೋಳಿಗಳಲ್ಲಿ ಹುಂಜಕ್ಕೆ ಎರಡು ಜೆಡ್ ವರ್ಣತಂತುಗಳೂ ಹೇಂಟೆಗೆ ಒಂದು ಜೆಡ್ ಮತ್ತು ಒಂದು ಡಬ್ಲ್ಯೂ ವರ್ಣತಂತುವೂ ಇರುತ್ತವೆ. ಹೀಗಾಗಿ ಹೇಂಟೆಮರಿಯ ಜೆಡ್ ವರ್ಣತಂತು ತಂದೆಯಿಂದಲೇ ಬರುತ್ತದೆ. ಬೆಳ್ಳಿಬಣ್ಣ ಹೊಂಬಣ್ಣಕ್ಕಿಂತ ಪ್ರಬಲ. ಹೊಂಬಣ್ಣದ ಹುಂಜವನ್ನು ಬೆಳ್ಳಿಬಣ್ಣದ ಹೇಂಟೆಯೊಡನೆ ಕೂಡಿಸಿದರೆ ಗಂಡುಮರಿಗಳು ಬೆಳ್ಳಿಬಣ್ಣವನ್ನೂ ಹೆಣ್ಣುಮರಿಗಳು ಹೊಂಬಣ್ಣವನ್ನೂ ಪಡೆಯುತ್ತವೆ. ಒಂದು ದಿನದ ಮರಿಯ ಲಿಂಗವನ್ನು ನೋಟದಿಂದಲೇ ತಿಳಿಯಲು ಮರಿ ಕೇಂದ್ರಗಳು ಈ ತತ್ತ್ವವನ್ನು ಬಳಸುತ್ತವೆ. ಗರಿಗಳ ಮೇಲಿನ ಅಡ್ಡಪಟ್ಟೆಯ ಗುಣವೂ ಜೆಡ್ ವರ್ಣತಂತುವಿನ ಮೇಲಿದೆ. ಶುದ್ಧ ತಳಿಯ ಹುಂಜದಲ್ಲಿ ಅದರ ಎರಡು ಪ್ರತಿಗಳಿರುವುದರಿಂದ ಬಿಳಿಪಟ್ಟೆ ಅಗಲವಾಗಿ, ಹುಂಜವು ಹೇಂಟೆಗಿಂತ ತಿಳಿಯಾಗಿ ಕಾಣುತ್ತದೆ. ಪ್ರದರ್ಶನದಲ್ಲಿ ಎರಡಕ್ಕೂ ಒಂದೇ ಛಾಯೆ ಅಪೇಕ್ಷಿತವಾದಾಗ, ಉತ್ತಮ ಹುಂಜಗಳಿಗೊಂದು ಮತ್ತು ಉತ್ತಮ ಹೇಂಟೆಗಳಿಗೊಂದು ಎಂದು ಎರಡು ಪ್ರತ್ಯೇಕ ವಂಶಗಳನ್ನು ಇಟ್ಟುಕೊಳ್ಳುವ ಪದ್ಧತಿ ಇದೆ.

ಗಾತ್ರದ ಆನುವಂಶಿಕತೆ

ತೂಕವನ್ನು ನಿರ್ಧರಿಸುವುದು ಒಂದೆರಡು ವಂಶವಾಹಿಗಳಲ್ಲ. ಅಲ್ಪಸ್ವಲ್ಪ ಪರಿಣಾಮವುಳ್ಳ ಅನೇಕ ವಂಶವಾಹಿಗಳು, ಅವುಗಳೊಡನೆ ಆಹಾರ, ಹವೆ, ರೋಗ ಮತ್ತು ತಾಯಿಮೊಟ್ಟೆಯ ಗಾತ್ರ ಇವೆಲ್ಲವೂ ಸೇರಿ ತೂಕವನ್ನು ನಿರ್ಧರಿಸುತ್ತವೆ. ಹಿಂಡಿನಲ್ಲಿ ಕಾಣುವ ತೂಕದ ವ್ಯತ್ಯಾಸದಲ್ಲಿ ಮರಿಗಳಿಗೆ ಸಾಗುವ ಪಾಲನ್ನು ಆನುವಂಶಿಕತಾ ಅಂಶ ಎನ್ನುತ್ತಾರೆ. ಎಳೆಯ ಕೋಳಿಗಳ ತೂಕಕ್ಕೆ ಇದು ಸಾಮಾನ್ಯವಾಗಿ 0.3ರಿಂದ 0.5ರಷ್ಟಿರುತ್ತದೆ. ಉದಾಹರಣೆಗೆ, ಎಂಟು ವಾರದ ಹಿಂಡಿನ ಸರಾಸರಿ ತೂಕ 1000 ಗ್ರಾಂ, ಆಯ್ದ ತಂದೆತಾಯಿಗಳ ಸರಾಸರಿ 1200 ಗ್ರಾಂ, ಆನುವಂಶಿಕತಾ ಅಂಶ 0.4 ಎಂದಿಟ್ಟುಕೊಂಡರೆ, ಮರಿಗಳ ನಿರೀಕ್ಷಿತ ಸರಾಸರಿ 1080 ಗ್ರಾಂ. ತಂದೆತಾಯಿಗಳಲ್ಲಿದ್ದ 200 ಗ್ರಾಂ ಹೆಚ್ಚಳದಲ್ಲಿ 80 ಗ್ರಾಂ ಮಾತ್ರ ಮುಂದಿನ ಪೀಳಿಗೆಗೆ ದಾಟುತ್ತದೆ.

ಇಂಥ ಸಣ್ಣ ಹೆಜ್ಜೆಗಳು ಕೂಡಿದಾಗ ಎಷ್ಟು ದೂರ ಸಾಗಬಹುದು ಎಂಬುದಕ್ಕೆ ಅಮೆರಿಕದ ವರ್ಜೀನಿಯಾದಲ್ಲಿ ಪಾಲ್ ಸೀಗಲ್ 1957ರಲ್ಲಿ ಆರಂಭಿಸಿದ ಪ್ರಯೋಗ ನಿದರ್ಶನವಾಗಿದೆ. ಬಿಳಿ ಪ್ಲಿಮತ್ ರಾಕ್ ಕೋಳಿಗಳ ಒಂದೇ ಮೂಲ ಹಿಂಡಿನಿಂದ, 56 ದಿನದ ತೂಕವನ್ನು ಮಾತ್ರ ಗಮನಿಸಿ, ಭಾರದವುಗಳ ಒಂದು ಸಾಲನ್ನೂ ಹಗುರವಾದವುಗಳ ಇನ್ನೊಂದು ಸಾಲನ್ನೂ ಬೆಳೆಸಲಾಯಿತು. ನಲವತ್ತು ಪೀಳಿಗೆಗಳ ಹೊತ್ತಿಗೆ ಎರಡು ಸಾಲುಗಳ ತೂಕದ ಅಂತರ ಸುಮಾರು ಒಂಬತ್ತು ಪಟ್ಟಾಯಿತು. ಜೊತೆಗೆ, ಭಾರದ ಸಾಲಿನಲ್ಲಿ ಮಿತಿಯಿಲ್ಲದ ಹಸಿವು ಮತ್ತು ಕೊಬ್ಬು, ಹಗುರ ಸಾಲಿನ ಕೆಲವು ಮರಿಗಳಲ್ಲಿ ಆಹಾರವನ್ನೇ ಮುಟ್ಟದ ಸ್ಥಿತಿ ಕಾಣಿಸಿಕೊಂಡವು. ಒಂದೇ ಗುಣವನ್ನು ಹಿಡಿದು ಆಯ್ದಾಗ ಅದರೊಡನೆ ಬೇರೆ ಗುಣಗಳೂ ಸರಿದುಹೋಗುತ್ತವೆ ಎಂಬುದು ಇದರಿಂದ ಸ್ಪಷ್ಟವಾಯಿತು. ತೂಕ ಹೆಚ್ಚಿದಂತೆ ಮೊಟ್ಟೆಗಳ ಸಂಖ್ಯೆ ಕುಗ್ಗುವುದು, ಕಾಲುಗಳು ದುರ್ಬಲವಾಗುವುದು, ಹುಂಜಗಳ ಫಲವತ್ತತೆ ಇಳಿಯುವುದು ಸಾಮಾನ್ಯ.

ಆಯ್ಕೆಯ ಕ್ರಮ

ತಳಿ ಅಭಿವೃದ್ಧಿಯ ಮೊದಲ ಸಾಧನ ದಾಖಲೆ. ಪ್ರತಿ ಮರಿಗೂ ರೆಕ್ಕೆಪಟ್ಟಿ ಅಥವಾ ಕಾಲುಂಗುರ ತೊಡಿಸಿ, ಅದರ ತಂದೆ, ತಾಯಿ ಮತ್ತು ಹುಟ್ಟಿದ ದಿನಾಂಕವನ್ನು ಬರೆದಿಡಬೇಕು. ತೂಕವನ್ನು ಎಲ್ಲ ಮರಿಗಳಿಗೂ ಒಂದೇ ವಯಸ್ಸಿನಲ್ಲಿ, ಒಂದೇ ಬಗೆಯ ಆಹಾರ ಕೊಟ್ಟು ನೋಡಬೇಕು. ಗಂಡುಮರಿಗಳು ಸಹಜವಾಗಿಯೇ ಭಾರವಾಗಿರುವುದರಿಂದ ಗಂಡುಗಳನ್ನು ಗಂಡುಗಳೊಡನೆ, ಹೆಣ್ಣುಗಳನ್ನು ಹೆಣ್ಣುಗಳೊಡನೆ ಹೋಲಿಸಬೇಕು. ಹೇಂಟೆಯ ದೇಹದಲ್ಲಿ ಹುಂಜದ ವೀರ್ಯ ಎರಡು ಮೂರು ವಾರ ಜೀವಂತವಾಗಿರುತ್ತದೆ. ಆದುದರಿಂದ ಹುಂಜವನ್ನು ಬದಲಿಸಿದ ಮೇಲೆ ಸುಮಾರು ಮೂರು ವಾರ ಕಾದು, ಅನಂತರದ ಮೊಟ್ಟೆಗಳನ್ನೇ ಕಾವಿಗೆ ಇಡಬೇಕು. ಇಲ್ಲವಾದರೆ ಮರಿಯ ತಂದೆ ಯಾವುದೆಂಬ ದಾಖಲೆ ತಪ್ಪಾಗುತ್ತದೆ.

ಬಣ್ಣವನ್ನು ಬೇಗ ಸ್ಥಿರಗೊಳಿಸಲು ಹವ್ಯಾಸಿಗಳು ಹತ್ತಿರದ ಸಂಬಂಧಿಗಳನ್ನು ಕೂಡಿಸುವುದುಂಟು. ಇದರಿಂದ ಬಣ್ಣ ಒಂದೇ ತೆರನಾಗುತ್ತದೆ. ಆದರೆ ಅಡಗಿದ್ದ ದೋಷಗಳೂ ಹೊರಬೀಳುತ್ತವೆ. ಮೊಟ್ಟೆಗಳು ಮರಿಯಾಗುವ ಪ್ರಮಾಣ ಇಳಿಯುತ್ತದೆ, ಮರಿಗಳ ಸಾವು ಹೆಚ್ಚುತ್ತದೆ. ಒಡಹುಟ್ಟಿದ ಕೋಳಿಗಳನ್ನು ಒಮ್ಮೆ ಕೂಡಿಸಿದರೆ ಒಳತಳಿ ಪ್ರಮಾಣ ಶೇಕಡ 25ಕ್ಕೆ ಏರುತ್ತದೆ. ಇಡೀ ಹಿಂಡಿನಲ್ಲಿ ಪೀಳಿಗೆಗೊಮ್ಮೆ ಆಗುವ ಏರಿಕೆ ಹುಂಜಗಳ ಸಂಖ್ಯೆಯನ್ನು ಹೆಚ್ಚಾಗಿ ಅವಲಂಬಿಸುತ್ತದೆ. ಒಂದು ಹುಂಜ, ಹತ್ತು ಹೇಂಟೆಗಳ ಹಿಂಡಿನಲ್ಲಿ ಅದು ಸುಮಾರು ಶೇಕಡ 14. ಹತ್ತು ಹುಂಜ, ಐವತ್ತು ಹೇಂಟೆಗಳ ಹಿಂಡಿನಲ್ಲಿ ಶೇಕಡ 1.5 ಮಾತ್ರ. ಅತಿ ಸುಂದರವಾದ ಒಂದೇ ಹುಂಜವನ್ನು ಉಳಿಸಿಕೊಂಡು ಮಿಕ್ಕವನ್ನು ಮಾರಿಬಿಡುವ ರೂಢಿ ಈ ಕಾರಣದಿಂದ ತಳಿಗೆ ಹಾನಿಕರ.

ಹೆಬ್ಬಾಳ ಮತ್ತು ಹೆಸರಘಟ್ಟದ ತಳಿಗಳು

ಬಣ್ಣ ಮತ್ತು ಗಾತ್ರಗಳೆರಡನ್ನೂ ಒಟ್ಟಿಗೆ ಗುರಿಯಾಗಿಸಿಕೊಂಡ ಕರ್ನಾಟಕದ ಪ್ರಸಿದ್ಧ ಪ್ರಯತ್ನ ಗಿರಿರಾಜ. ಇದನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕೋಳಿ ವಿಜ್ಞಾನ ವಿಭಾಗವು ರೂಪಿಸಿತು. ಅಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದ ಈ ಕಾಲೇಜು ಈಗ ಬೀದರಿನಲ್ಲಿ ಕೇಂದ್ರವುಳ್ಳ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹಳ್ಳಿಯ ಹಿತ್ತಿಲಲ್ಲಿ ಬಯಲಿಗೆ ಬಿಟ್ಟು ಸಾಕಬಲ್ಲ, ನಾಟಿ ಕೋಳಿಯಂತೆ ಬಹುಬಣ್ಣದ, ಆದರೆ ಅದಕ್ಕಿಂತ ಬೇಗ ಬೆಳೆದು ಹೆಚ್ಚು ತೂಗುವ ಕೋಳಿಯನ್ನು ಪಡೆಯುವುದು ಇದರ ಉದ್ದೇಶ. ಬಣ್ಣದ ಆಯ್ಕೆಗೆ ಎರಡು ಕಾರಣಗಳಿದ್ದವು. ಬಯಲಿನಲ್ಲಿ ಬಿಳಿಯ ಕೋಳಿ ಹದ್ದು ಗಿಡುಗಗಳ ಕಣ್ಣಿಗೆ ಸುಲಭವಾಗಿ ಬೀಳುತ್ತದೆ. ಹಳ್ಳಿಯ ಸಾಕಣೆದಾರರೂ ಗ್ರಾಹಕರೂ ಬಣ್ಣದ ಕೋಳಿಯನ್ನೇ ಬಯಸುತ್ತಾರೆ. ಗಿರಿರಾಜ ಹೇಂಟೆ ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆಗಳನ್ನು ಇಡುತ್ತದೆ.

ಅದೇ ಕೇಂದ್ರದಿಂದ 2005ರಲ್ಲಿ ಸ್ವರ್ಣಧಾರ ಎಂಬ ತಳಿ ಬಿಡುಗಡೆಯಾಯಿತು. ಇದು ಗಿರಿರಾಜಕ್ಕಿಂತ ಹಗುರ. ಮೊಟ್ಟೆಗಳ ಸಂಖ್ಯೆ ಹೆಚ್ಚು. ಮೈ ಹಗುರವಾದುದರಿಂದ ಕಾಡುಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳುವ ಚುರುಕುತನವೂ ಇದಕ್ಕೆ ಹೆಚ್ಚು. ಗಾತ್ರವನ್ನು ಕೊಂಚ ಬಿಟ್ಟುಕೊಟ್ಟು ಬೇರೆ ಗುಣಗಳನ್ನು ಪಡೆದ ಉದಾಹರಣೆಯೆಂದು ಇದನ್ನು ಪರಿಗಣಿಸಬಹುದು. ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯು ಕಾವೇರಿ ಎಂಬ ಬಣ್ಣದ ಹಿತ್ತಿಲ ಕೋಳಿಯನ್ನೂ, ಹೈದರಾಬಾದಿನ ಕೋಳಿ ಸಂಶೋಧನ ನಿರ್ದೇಶನಾಲಯವು ವನರಾಜ ಮತ್ತು ಗ್ರಾಮಪ್ರಿಯ ತಳಿಗಳನ್ನೂ ಇದೇ ಉದ್ದೇಶಕ್ಕಾಗಿ ರೂಪಿಸಿವೆ.

ಸಂಕರ ಕೋಳಿಗಳ ಮೊಟ್ಟೆಗಳನ್ನು ಮನೆಯಲ್ಲೇ ಕಾವಿಗೆ ಇಟ್ಟು ಮರಿ ಮಾಡಿದರೆ ಮುಂದಿನ ಪೀಳಿಗೆಯಲ್ಲಿ ತೂಕ ಮತ್ತು ಮೊಟ್ಟೆಯ ಗುಣಗಳು ಚೆದುರುತ್ತವೆ. ಮರಿಗಳ ಬಣ್ಣ ಮಾತ್ರ ಆಕರ್ಷಕವಾಗಿಯೇ ಉಳಿಯುವುದರಿಂದ ಈ ಇಳಿಕೆ ಸಾಕುವವರ ಗಮನಕ್ಕೆ ಬೇಗ ಬರುವುದಿಲ್ಲ. ಇಂಥ ತಳಿಗಳನ್ನು ಸಾಕುವವರು ಪ್ರತಿ ಸಲವೂ ಮೂಲ ಕೇಂದ್ರದಿಂದ ಮರಿಗಳನ್ನು ತರಬೇಕಾಗುತ್ತದೆ.

ಬಣ್ಣವೂ ನಾಟಿಯೆಂಬ ಗುರುತೂ

ಬೆಂಗಳೂರಿನ ದಕ್ಷಿಣದ ಚಿಕ್ಕಲಸಂದ್ರ, ಉತ್ತರಹಳ್ಳಿ, ಇಟ್ಟಮಡುಗಳಂಥ ಹಳ್ಳಿಗಳು ನಗರದ ಬಡಾವಣೆಗಳಾದಂತೆ ಮನೆಯ ಹಿತ್ತಿಲು ಕಿರಿದಾಯಿತು, ಹಿತ್ತಿಲ ಕೋಳಿಯೂ ಅಪರೂಪವಾಯಿತು. ಹಿಂದೆ ತನ್ನ ಕೋಳಿಯ ತಾಯಿ ಯಾವುದು, ಅಜ್ಜಿ ಯಾವುದು ಎಂದು ಬಲ್ಲ ಮನೆಯವರಿದ್ದರು. ಈಗ ಗ್ರಾಹಕನಿಗೆ ಉಳಿದಿರುವ ಸುಲಭದ ಗುರುತು ಬಣ್ಣವೊಂದೇ. ಬ್ರಾಯ್ಲರ್ ಬಿಳಿ, ನಾಟಿ ಬಣ್ಣದ್ದು ಎಂಬ ತಿಳಿವಳಿಕೆ ಹೀಗೆ ಬೇರೂರಿದೆ.

ಆನುವಂಶಿಕತೆಯ ದೃಷ್ಟಿಯಿಂದ ಈ ಗುರುತು ನಂಬಲರ್ಹವಲ್ಲ. ಬೇಗ ಬೆಳೆಯುವ, ದುರ್ಬಲ ಬಿಳುಪಿನ ಕೋಳಿಗೆ ಬಣ್ಣದ ಹುಂಜವನ್ನು ಕೂಡಿಸಿದರೆ ಒಂದೇ ಪೀಳಿಗೆಯಲ್ಲಿ ಬಣ್ಣದ ಮರಿಗಳು ದೊರೆಯುತ್ತವೆ. ಅರ್ಧ ರಕ್ತ ಮಾತ್ರ ಬೇಗ ಬೆಳೆಯುವ ಕೋಳಿಯದೇ. ಮಧ್ಯಪ್ರದೇಶದ ಝಾಬುವಾ ಪ್ರದೇಶದ ಕಡಕ್‌ನಾಥ್ ಕೋಳಿಯ ಕಪ್ಪು ಚರ್ಮ ಮತ್ತು ಕಪ್ಪು ಮಾಂಸಕ್ಕೆ ಕಾರಣವಾದ ವಂಶವಾಹಿ ಪ್ರಬಲವಾದುದರಿಂದ, ಬೇರೆ ಕೋಳಿಯೊಡನೆ ಬೆರೆತ ಮರಿಗಳಲ್ಲೂ ಕಪ್ಪು ಛಾಯೆ ಕಾಣಬಹುದು. ಮೊಟ್ಟೆಯ ಕಂದುಬಣ್ಣವೂ ಹೀಗೆಯೇ. ಅದು ತಳಿಯ ಗುಣವೇ ಹೊರತು ಸಾಕಣೆಯ ಕ್ರಮವನ್ನೋ ಪೌಷ್ಟಿಕತೆಯನ್ನೋ ಸೂಚಿಸುವುದಿಲ್ಲ. ಪಂಜರದಲ್ಲಿ ಸಾಕಿದ ಸಂಕರ ಹೇಂಟೆಗಳೂ ಕಂದು ಮೊಟ್ಟೆ ಇಡುತ್ತವೆ. ನಾಟಿ ಹೇಂಟೆಗಳ ಮೊಟ್ಟೆ ಅನೇಕ ವೇಳೆ ಕೆನೆಬಣ್ಣದ್ದಾಗಿರುತ್ತದೆ.

ನಾಟಿ ಕೋಳಿಯನ್ನು ನಾಟಿಯಾಗಿಸುವ ಗುಣಗಳು ಬೇರೆ. ಕಾವು ಕೂರುವುದು, ಮರಿಗಳನ್ನು ಕರೆದೊಯ್ದು ಮೇಯಿಸುವುದು, ಹದ್ದಿನ ನೆರಳಿಗೆ ಎಚ್ಚರಗೊಳ್ಳುವುದು, ಸಂಜೆ ಮರವೇರುವುದು, ಕೆದಕಿ ತಿಂದೇ ಬದುಕುವುದು ಇವು ತಕ್ಕಡಿಗೂ ಕಣ್ಣಿಗೂ ಸಿಗದ ಗುಣಗಳು. ಕಾವು ಕೂರುವ ಹೇಂಟೆ ಆ ಅವಧಿಯಲ್ಲಿ ಮೊಟ್ಟೆ ಇಡುವುದಿಲ್ಲ. ಆದುದರಿಂದ ಮೊಟ್ಟೆಗಾಗಿ ಆಯ್ದ ತಳಿಗಳಲ್ಲಿ ಈ ಗುಣ ಬಹುಮಟ್ಟಿಗೆ ಅಳಿದಿದೆ. ಅದು ಅಳಿದ ಹಳ್ಳಿಯಲ್ಲಿ ಮರಿಗಾಗಿ ಯಂತ್ರದ ಕಾವನ್ನೋ ಹೊರಗಿನ ಕೇಂದ್ರವನ್ನೋ ಅವಲಂಬಿಸದೆ ಬೇರೆ ದಾರಿಯಿಲ್ಲ.

ಸಂರಕ್ಷಣೆ

ದೇಶಿ ಕೋಳಿಗಳ ಸಂರಕ್ಷಣೆಯಲ್ಲಿ ಮೊದಲ ಹೆಜ್ಜೆ ಹಿಂಡನ್ನು ಬೇರೆ ತಳಿಯ ಹುಂಜಗಳಿಂದ ದೂರವಿಡುವುದು. ಹಿತ್ತಿಲಿಗೆ ಸಂಕರ ತಳಿಯ ಒಂದು ಹುಂಜ ಬಂದರೆ ಒಂದೇ ಹಂಗಾಮಿನಲ್ಲಿ ಹತ್ತಾರು ಹೇಂಟೆಗಳ ಮರಿಗಳು ಬೆರಕೆಯಾಗುತ್ತವೆ. ಎರಡನೆಯದು, ಹುಂಜಗಳ ಸಂಖ್ಯೆಯನ್ನು ಕಾಯ್ದುಕೊಂಡು ನೆರೆಹಳ್ಳಿಗಳ ಅದೇ ಬಗೆಯ ಹಿಂಡುಗಳೊಡನೆ ಹುಂಜಗಳನ್ನು ಬದಲಿಸಿಕೊಳ್ಳುವುದು. ಮೂರನೆಯದು, ಬಣ್ಣ ಮತ್ತು ತೂಕಗಳಿಗಿಂತ ಮೊದಲು ತಾಯ್ತನ, ಬದುಕುಳಿಯುವಿಕೆ ಮತ್ತು ರೋಗ ತಡೆಯುವ ಶಕ್ತಿಯನ್ನು ಗಮನಿಸಿ ಆಯ್ಕೆ ಮಾಡುವುದು. ನಾಟಿ ಕೋಳಿಗೆ ರೋಗವಿಲ್ಲವೆಂಬುದು ತಪ್ಪು ಕಲ್ಪನೆ. ಕೊಕ್ಕರೆ ರೋಗ ಎಂದು ಕರೆಯುವ ರಾಣಿಖೇತ್ ರೋಗ ನಾಟಿ ಹಿಂಡುಗಳನ್ನೂ ಬರಿದು ಮಾಡುವುದರಿಂದ ಲಸಿಕೆ ಅವುಗಳಿಗೂ ಅಗತ್ಯ.

ಪ್ರದರ್ಶನದ ಹವ್ಯಾಸಕ್ಕೂ ಸಂರಕ್ಷಣೆಗೂ ವಿರೋಧವಿರಬೇಕಾಗಿಲ್ಲ. ಯುರೋಪಿನ ಹಲವು ಹಳೆಯ ತಳಿಗಳು ಮಾರುಕಟ್ಟೆಯಲ್ಲಿ ಬೇಡಿಕೆ ಕಳೆದುಕೊಂಡ ಮೇಲೂ ಉಳಿದುಬಂದದ್ದು ಹವ್ಯಾಸಿಗಳಿಂದಲೇ. ಮಾನದಂಡದಲ್ಲಿ ಗರಿ ಮತ್ತು ತೂಕಗಳ ಜೊತೆಗೆ ಮರಿ ಮಾಡುವ ಸಾಮರ್ಥ್ಯ ಹಾಗೂ ವಂಶದ ದಾಖಲೆಗೂ ಅಂಕಗಳಿದ್ದಲ್ಲಿ, ಅಂದದ ಹುಂಜವನ್ನು ಬೆಳೆಸುವವರೇ ತಳಿಯ ರಕ್ಷಕರೂ ಆಗಬಲ್ಲರು.